ಸಹಾಯ ಬೇಕು: ಎಲಬಿನ ಹಂತ್ಯಾಕ ಕೆಂಪ ಇದ್ರ ಚಿಕನ್ ಹಸಿ ಅಂತ ಏನ್ರೀ?

ನಮಸ್ಕಾರ್ರೀ ಎಲ್ಲಾರಿಗೂ. ವಿಜಯಪುರದಾಗ ನಮ್ಮ ಓಣಿ ತಿರುವಿನ್ಯಾಗ ಹೋದ ವಾರ ಹೊಸಾ ಗ್ರಿಲ್ ಚಿಕನ್ ಹೋಟೆಲ್ ತಗದಾರ, ಗಾಜಿನ ಮಷೀನ್‌ದಾಗ ಇಡೀ ಇಡೀ ಕೋಳಿ ಸರಳಿಗೆ ಚುಚ್ಚಿ ತಿರಗತಿರ್ತಾವಲ್ಲ ಅದು, ಮ್ಯಾಲಿನ ಕೋಳಿ ಜಿಡ್ಡು ತಳಗಿನದರ ಮ್ಯಾಲ ತೊಟ್ಟ ತೊಟ್ಟ ಬೀಳೂದ ನೋಡಕೋತ ನಮ್ಮ ಹುಡುಗ ಅಲ್ಲೇ ನಿಂತಬಿಟ್ಟ. ಶ್ರಾವಣ ಬ್ಯಾರೆ ಮುಗದಿತ್ತು, ನಿನ್ನಿ ಒಂದ ಫುಲ್ ಪಾರ್ಸಲ್ ತಂದ್ವಿ.

ರುಚಿ ಬಗ್ಗೆ ಮಾತಿಲ್ರೀ, ಕಡಕ್ ರೊಟ್ಟಿ ಕೂಡ ಮಸ್ತ್ ಆತು (ಆ ಮಯೋನೀಸ್ ಮಾತ್ರ ನಮ್ಮ ಮಂದಿಗೆ ಸೇರಲಿಲ್ಲ, ಶೇಂಗಾ ಹಿಂಡಿನ ಚಲೋ). ಆದ್ರ ತೊಡಿ ಮುರದಾಗ ಎಲಬಿನ ಹಂತ್ಯಾಕ ನಸುಗೆಂಪ ಕಾಣತು. ನಮ್ಮವ್ವ "ಹಸೀದ ಐತಿ, ಯಾರೂ ಮುಟ್ಟಬ್ಯಾಡ್ರಿ" ಅಂತ ತಾಟ ಸರಿಸೇಬಿಟ್ಲು. ಎಳೀ ಬ್ರಾಯ್ಲರ್‌ಗೆ ಎಲಬಿನೊಳಗಿನ ಮಜ್ಜಿ ಬಣ್ಣ ಇಳದು ಪೂರಾ ಬೆಂದ್ರೂ ಹಂಗ ಕಾಣ್ತೈತಿ, ಬಣ್ಣ ನೋಡಿ ಹೇಳಾಕ ಬರೂದಿಲ್ಲ, ಒಳಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು ಅಷ್ಟ, ಇದ ನನಗೂ ಗೊತ್ತೈತಿ, ಆದ್ರ ನಮ್ಮನ್ಯಾಗ ಇರೂದು ಜ್ವರಾ ನೋಡೂ ಥರ್ಮಾಮೀಟರ್!

ಅಡಗಿ ಥರ್ಮಾಮೀಟರ್ ಇಲ್ಲೇ ವಿಜಯಪುರದಾಗ ಎಲ್ಲಿ ಸಿಗತೈತಿ, ಎಷ್ಟ ಬೀಳ್ತೈತಿ? ಉಳದಿದ್ದ ಅರ್ಧಾ ಕೋಳಿ ಎರಡ ತಾಸಿನೊಳಗ ಫ್ರಿಜ್‌ಗೆ ಹಾಕೇನಿ, ಓವನ್ ಇಲ್ಲ, ತವಾ ಮ್ಯಾಲ ಬಿಸಿ ಮಾಡಿದ್ರ ಎದಿ ಭಾಗ ಒಣಗಿ ಹಗ್ಗದಂಗ ಆಗತೈತಿ, ಏನ ಮಾಡ್ಬೇಕು? ಮತ್ತ ಹೋಟೆಲ್‌ನವರಿಗೆ ಸಿಟ್ ಬರಲಾರದಂಗ "ಇನ್ನೊಂದೀಟ ಬೇಯಿಸ್ರಿ" ಅಂತ ಹೆಂಗ ಕೇಳೂದು? ಹೊಸದಾಗಿ ಹಾಕ್ಯಾರ ಪಾಪ. ಗೊತ್ತಿದ್ದವರು ಸಂಜಿ ಒಳಗ ಹೇಳ್ರೀ, ಹುಡುಗ ಫ್ರಿಜ್ ಮುಂದ ಕುಂತಾನ.