ಮಜೆಸ್ಟಿಕ್ ಹತ್ರ ಬಾಡಿಗೆ ಮನೆ, ಮಗೂಗೆ ವೀಸಿಂಗ್ ಇದೆ. ಹೋಗ್ಬಹುದಾ?

ಬಾಡಿಗೆ_ಬೇಟೆ:
ಎಲ್ರಿಗೂ ನಮಸ್ಕಾರ. ನನ್ ಕೆಲ್ಸ ಪೀಣ್ಯ, ಹೆಂಡ್ತಿದು ಎಂ.ಜಿ. ರೋಡು, ಅದಕ್ಕೆ ಗ್ರೀನ್, ಪರ್ಪಲ್ ಎರಡೂ ಮೆಟ್ರೋ ಲೈನ್ ಸೇರೋ ಮಜೆಸ್ಟಿಕ್ ಸುತ್ತಾನೇ ಮನೆ ನೋಡ್ತಿದೀವಿ. ಒಂದು ಕಾಟನ್‌ಪೇಟೆ ಒಳಗಡೆ ಗಲ್ಲೀಲಿ, ಗ್ರೌಂಡ್ ಫ್ಲೋರು. ಇನ್ನೊಂದು ಮೇನ್ ರೋಡಿಗೇ, ಮೂರನೇ ಮಹಡಿ, ಬಾಲ್ಕನೀಲಿ ನಿಂತ್ರೆ ಬಸ್‌ಸ್ಟ್ಯಾಂಡ್ ಕಾಣತ್ತೆ, "ಗಾಳಿ ಬೆಳಕು ಸಕತ್ತು" ಅಂತಾರೆ ಓನರ್ರು. ಮಗಳಿಗೆ ಆರು ವರ್ಷ, ಚಳಿಗಾಲ ಬಂತು ಅಂದ್ರೆ ವೀಸಿಂಗ್ ಶುರು, ಇನ್ಹೇಲರ್ ಇದೆ. ನಮ್ಮಮ್ಮ ಅಂತೂ ಅಲ್ಲಿನ ಬಸ್ ಹೊಗೆಗೆ ಹೆದರಿ ಬೇಡವೇ ಬೇಡ ಅಂತ ಕೂತಿದಾರೆ. ಗಾಳಿ ಎಷ್ಟು ಕೆಟ್ಟಿದೆ ಅಂತ ತೋರ್ಸೋ ಸರ್ಕಾರಿ ಸಮೀರ್ ಆ್ಯಪಲ್ಲಿ ಸಿಟಿ ರೈಲ್ವೆ ಸ್ಟೇಷನ್ನಿಂದು ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ನೋಡಿದ್ರೆ ನೂರರ ಒಳಗೇ ಇದೆ, ಪರವಾಗಿಲ್ಲ ಅಲ್ವಾ?

ಲೆಕ್ಕದ_ಮನುಷ್ಯ:
ಆ ನಂಬರ್ ನೋಡಿ ಅಡ್ವಾನ್ಸ್ ಕೊಟ್ಬಿಡ್ಬೇಡಿ ಸಾರ್. ಅದು 24 ಗಂಟೆ ಸರಾಸರಿ, ಬೆಳಗ್ಗೆ ಎಷ್ಟೇ ಕೆಟ್ಟಿರ್ಲಿ ಮಧ್ಯಾಹ್ನದ ಗಾಳಿ ಸೇರಿ ಚೆನ್ನಾಗೇ ಕಾಣತ್ತೆ. ಆಮೇಲೆ ನಮ್ ದೇಶದಲ್ಲಿ ಪಿಎಂ 2.5ಗೆ, ಅಂದ್ರೆ ಶ್ವಾಸಕೋಶದ ಒಳಗೇ ಇಳಿಯೋ ಸಣ್ಣ ಧೂಳಿಗೆ, ದಿನದ ಮಿತಿ ಒಂದು ಘನ ಮೀಟರ್ ಗಾಳೀಲಿ 60 ಮೈಕ್ರೋಗ್ರಾಂ, ಅಷ್ಟಿದ್ರೆ ಎಕ್ಯೂಐ 100. ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2021ರಲ್ಲಿ ಇಟ್ಟಿರೋ ಮಿತಿ 15. ಅದರ ನಾಲ್ಕು ಪಟ್ಟು ಇದ್ರೂ ನಮ್ ಆ್ಯಪಲ್ಲಿ ಹಸಿರೇ! ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ವೆಬ್‌ಸೈಟಲ್ಲಿ ಗಂಟೆಗಂಟೆ ರೀಡಿಂಗ್ ಸಿಗತ್ತೆ, ಅದ್ರಲ್ಲಿ ನೈಟ್ರೋಜನ್ ಡೈಆಕ್ಸೈಡ್ ನೋಡಿ, ಗಾಡಿ ಹೊಗೆ ಎಷ್ಟು ಅಂತ ಅದ್ರಿಂದಾನೇ ಗೊತ್ತಾಗೋದು. ಟ್ರಾಫಿಕ್ ಹೊಗೆ ರೋಡಿಂದ ಒಂದ್ 100 ಮೀಟರ್ ಒಳಗೆ ಜೋರು, 300-500 ಮೀಟರ್ ದಾಟಿದ್ಮೇಲೆ ಊರಲ್ಲಿ ಎಲ್ಲಾ ಕಡೆ ಇರೋ ಅಷ್ಟೇ.

ನೈಟ್_ಸರ್ವಿಸ್:
ನಾನು ಪ್ರೈವೇಟ್ ಬಸ್ ಓಡಿಸ್ತಿದ್ದವ್ನು, ಈಗ ಬಿಟ್ಟಿದೀನಿ. ರೈಲ್ವೆ ಸ್ಟೇಷನ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅಲ್ಲೆಲ್ಲಾ ಕರೆಂಟ್ ಇಂಜಿನ್ನೇ ಜಾಸ್ತಿ. ತೊಂದ್ರೆ ಏನಿದ್ರೂ ರೋಡಿಂದು. ರಾತ್ರಿ ಒಂಬತ್ತರಿಂದ ಹನ್ನೊಂದು ಆನಂದರಾವ್ ಸರ್ಕಲ್ ಕಡೆ ಹೋಗಿ ನೋಡಿ, ಎಸಿ ನಿಲ್ಬಾರ್ದು ಅಂತ ಪ್ರೈವೇಟ್ ಬಸ್ಸೋರು ಇಂಜಿನ್ ಆನ್ ಇಟ್ಕೊಂಡೇ ಪ್ಯಾಸೆಂಜರ್ ಹತ್ತಿಸ್ಕೊಳ್ತಾರೆ, ಆಮೇಲೆ ಬೆಳಗಿನ ಜಾವ ನಾಲ್ಕರಿಂದ ಊರೂರಿನ ನೈಟ್ ಬಸ್ಸೆಲ್ಲಾ ಒಟ್ಟಿಗೇ ಬಂದು ಇಳೀತಾವೆ, ಗಾಳಿ ಅಲ್ಲಾಡಲ್ಲ ಆ ಹೊತ್ತಲ್ಲಿ, ಹೊಗೆ ಅಲ್ಲೇ ಕೆಳಗೇ ನಿಂತಿರತ್ತೆ. ಸಿಟಿ ಬಸ್ಸಲ್ಲಿ ಎಲೆಕ್ಟ್ರಿಕ್ ಸಾವಿರದ ಮೇಲೆ ಬಂದಿದಾವೆ, 2020ರ ಮೇಲಿನ ಬಿಎಸ್6 (ಹೊಸ ಹೊಗೆ ನಿಯಮದ) ಗಾಡೀಲಿ ಫಿಲ್ಟರೂ ಇದೆ, ಆದ್ರೆ ಹಳೇವು ಇನ್ನೂ ಓಡ್ತಾವಲ್ಲ. ಟೈರು ಬ್ರೇಕಿನ ಧೂಳು ಎಲೆಕ್ಟ್ರಿಕ್ಕಿಗೂ ತಪ್ಪಿದ್ದಲ್ಲ ಬಿಡಿ.

ವಾರ್ಡ್_ಸಿಸ್ಟರ್:
ಮೇಲಿನ ಅಣ್ಣ ಬೆಳಗಿನ ಜಾವ ಅಂದ್ರಲ್ಲ, ಅದೇ ಮುಖ್ಯ. ನಮ್ ಮನೆಗಳಲ್ಲಿ ಎದ್ದ ತಕ್ಷಣ ಕಿಟಕಿ ಬಾಗಿಲು ತೆಗ್ಯೋದು ರೂಢಿ, ಅಂಥ ಜಾಗದಲ್ಲಿ ಅದು ಉಲ್ಟಾ ಹೊಡ್ಯತ್ತೆ. ಬಿಸಿಲೇರಿದ್ಮೇಲೆ ತೆಗೀರಿ. ಮಕ್ಕಳು ತೂಕಕ್ಕೆ ಹೋಲಿಸಿದ್ರೆ ನಮಗಿಂತ ಜಾಸ್ತಿ ಗಾಳಿ ಎಳ್ಕೊಳ್ತಾರೆ, ರೋಡಲ್ಲಿ ನಡೀವಾಗ ಸೈಲೆನ್ಸರ್ ಹೊಗೆಗೆ ಅವರ ಮೂಗು ನಮಗಿಂತ ಹತ್ರ ಬೇರೆ. ಎನ್95 ಮಾಸ್ಕ್ ಧೂಳು ತಡ್ಯತ್ತೆ, ನೈಟ್ರೋಜನ್ ಡೈಆಕ್ಸೈಡ್ ಗ್ಯಾಸು, ಅದನ್ನ ತಡ್ಯಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರತ್ತೆ ಅಂತ 2012ರಲ್ಲೇ ಡಬ್ಲ್ಯೂಎಚ್‌ಒ ಕ್ಯಾನ್ಸರ್ ಸಂಸ್ಥೆ ಹೇಳಿದೆ, ಅದು ದೊಡ್ಡೋರಿಗೂ ಅನ್ವಯ. ದಿನಾ ತಗೊಳೋ ಇನ್ಹೇಲರ್ ಕೊಟ್ಟಿದ್ರೆ ಚೆನ್ನಾಗಿದಾಳೆ ಅಂತ ನೀವೇ ನಿಲ್ಲಿಸ್ಬೇಡಿ, ಡಾಕ್ಟ್ರನ್ನ ಕೇಳಿ. ಮತ್ತೆ ಹೊರಗಿನ ಹೊಗೆ ಬೈದು ಒಳಗೆ ಸೊಳ್ಳೆ ಕಾಯಿಲ್ ಹಚ್ಚಿದ್ರೆ ಏನುಪಯೋಗ, ಎಷ್ಟು ಮನೇಲಿ ನೋಡಿದೀನಿ 🙏

ಬಾಡಿಗೆ_ಬೇಟೆ:
ಥ್ಯಾಂಕ್ಸ್ ಎಲ್ರಿಗೂ. ಸರಿ, ಎರಡ್ರಲ್ಲಿ ಯಾವ್ದು? ಮೇಲಿನ ಮಹಡಿ ಆದ್ರೆ ಹೊಗೆ ಕಮ್ಮಿ ಇರಲ್ವಾ?

ಲೆಕ್ಕದ_ಮನುಷ್ಯ:
ಮೂರನೇ ಮಹಡಿಗೆ ಅಂಥಾ ವ್ಯತ್ಯಾಸ ಏನೂ ಆಗಲ್ಲ, ಅದೂ ಎರಡೂ ಕಡೆ ಬಿಲ್ಡಿಂಗ್ ಇರೋ ರೋಡಲ್ಲಿ. ಎರಡ್ರಲ್ಲೇ ಆರಿಸ್ಬೇಕು ಅಂದ್ರೆ ಗಲ್ಲಿ ಮನೆ, ಅಲ್ಲಿ ಲಗೇಜ್ ಆಟೋ, ಟೆಂಪೋ ನಿಲ್ಲೋ ಜಾಗ ಇಲ್ಲದಿದ್ರೆ ಮಾತ್ರ. ಆದ್ರೆ ನಂಗರ್ಥ ಆಗ್ದೇ ಇರೋದು, ಇಬ್ರೂ ಮೆಟ್ರೋಲೇ ಹೋಗೋರು ಮಜೆಸ್ಟಿಕ್ಕಲ್ಲೇ ಯಾಕಿರ್ಬೇಕು? ಗ್ರೀನ್ ಲೈನಲ್ಲಿ ಶ್ರೀರಾಂಪುರ, ಕುವೆಂಪು ರೋಡ್, ರಾಜಾಜಿನಗರ ಇದಾವಲ್ಲ, ಅಲ್ಲಿ ಮೇನ್ ರೋಡ್ ಬಿಟ್ಟು ಒಳಗಡೆ ಕ್ರಾಸಲ್ಲಿ ನೋಡಿ. ನಿಮಗೆ ಪೀಣ್ಯನೂ ಹತ್ರ, ಮೇಡಂ ಒಂದ್ಸಲ ಟ್ರೈನ್ ಚೇಂಜ್ ಮಾಡ್ಬೇಕು, ಅಷ್ಟೇ.

ಬಾಡಿಗೆ_ಬೇಟೆ:
ಹೆಂಡ್ತೀಗೆ ತೋರಿಸ್ದೆ, ಚೇಂಜ್ ಮಾಡೋಕೆ ಅವ್ಳಿಗೇನೂ ತೊಂದ್ರೆ ಇಲ್ವಂತೆ. ಕುವೆಂಪು ರೋಡ್ ಕಡೆ 20 ಸಾವಿರದೊಳಗೆ ಎರಡು ಬೆಡ್‌ರೂಮಿಂದು ಎಲ್ಲಾದ್ರೂ ಟು-ಲೆಟ್ ಬೋರ್ಡ್ ಕಂಡ್ರೆ ಇಲ್ಲೇ ಹಾಕ್ರಪ್ಪಾ, ಬ್ರೋಕರ್ ಕಾಟ ಸಾಕಾಗಿದೆ.