ಚಂದ್ರ ಸಿಗುತ್ತಿಲ್ಲ, ಗ್ರಾಫ್ ಮಾತ್ರ ಏರುತ್ತಲೇ ಇದೆ

ಪ್ರಶ್ನೆ:
90 ಸೆಂ.ಮೀ. ಡಿಶ್, ಮಾಮೂಲಿ ಎಲ್‌ಎನ್‌ಬಿ (ಡಿಶ್ ಮುಂದೆ ಕೂರುವ, ಸಿಗ್ನಲ್ ಹಿಗ್ಗಿಸುವ ಡಬ್ಬಿ), ಹಿಂದೆ ಯುಎಸ್‌ಬಿ ಎಸ್‌ಡಿಆರ್ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್). 11 ಗಿಗಾಹರ್ಟ್ಸ್‌ನಲ್ಲಿ ಚಂದ್ರನ ಶಾಖ ಅಳೆಯಬೇಕು ಅಂತ ಹೊರಟಿದ್ದೇನೆ. ಸೂರ್ಯ ಸಲೀಸಾಗಿ ಸಿಕ್ಕಿದ. ಸಂಜೆ ಚಂದ್ರನಿಗೆ ಗುರಿಯಿಟ್ಟು, ಆಗಾಗ ಡಿಶ್ ಸರಿಸುತ್ತಾ ಹಿಂಬಾಲಿಸಿದೆ. ಎರಡು ಗಂಟೆಯಲ್ಲಿ ಸಿಗ್ನಲ್ ಬಲದ ಗ್ರಾಫ್ 0.3 ಡಿಬಿ (ಡೆಸಿಬಲ್), ಅಂದರೆ ಸುಮಾರು ಶೇ. 7 ಏರಿತು. ಸಿಕ್ಕೇಬಿಟ್ಟ ಅಂದುಕೊಂಡೆ. ಮರುದಿನ ಖಾಲಿ ಆಕಾಶಕ್ಕೆ ತಿರುಗಿಸಿಟ್ಟರೂ ಅದೇ ಏರಿಕೆ! ಸರಾಸರಿ ಅವಧಿಯನ್ನು 1 ಸೆಕೆಂಡಿನಿಂದ 60ಕ್ಕೆ ತಂದೆ. ಗೆರೆ ನುಣುಪಾಯಿತು, ಏರಿಕೆ ಹೋಗಲಿಲ್ಲ. ಎಜಿಸಿ (ಸಿಗ್ನಲ್ ಎಷ್ಟು ಹಿಗ್ಗಿಸಬೇಕೆಂದು ರಿಸೀವರ್ ತಾನೇ ಬದಲಿಸಿಕೊಳ್ಳುವುದು) ಆಫ್ ಇದೆ.

ಉತ್ತರ:
ಅದು ರಾತ್ರಿ ತಣ್ಣಗಾಗುತ್ತಿರುವ ನಿಮ್ಮ ಎಲ್‌ಎನ್‌ಬಿ. ತಂಪಾದಷ್ಟೂ ಅದರ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಚೂರು ಏರುತ್ತದೆ.

ಲೆಕ್ಕ ನೋಡಿ. ಸಿಸ್ಟಮ್ ನಾಯ್ಸ್ (ಒಟ್ಟು ಹಿನ್ನೆಲೆ ಗದ್ದಲ, ತಾಪದ ಲೆಕ್ಕದಲ್ಲಿ) 100 ಕೆಲ್ವಿನ್, ಬ್ಯಾಂಡ್ 2 ಮೆಗಾಹರ್ಟ್ಸ್ ಅಂದುಕೊಳ್ಳೋಣ. 1 ಸೆಕೆಂಡ್ ಸರಾಸರಿಗೆ, 100ನ್ನು 20 ಲಕ್ಷದ (ಬ್ಯಾಂಡ್ ಗುಣಿಸು ಸಮಯ) ವರ್ಗಮೂಲದಿಂದ ಭಾಗಿಸಿದರೆ 0.07 ಕೆಲ್ವಿನ್. ಅಂದರೆ ಗೆರೆಯ ನಡುಕ ನಿಮ್ಮ ತೊಂದರೆಯೇ ಅಲ್ಲ. ಆದರೆ ಗೇನ್ 0.3 ಡಿಬಿ ಜಾರಿದರೆ 7 ಕೆಲ್ವಿನ್! ನಿಮ್ಮ ಡಿಶ್ ಒಮ್ಮೆಗೆ ಸುಮಾರು 2 ಡಿಗ್ರಿ ಆಕಾಶ ನೋಡುತ್ತದೆ, ಚಂದ್ರ ಅರ್ಧ ಡಿಗ್ರಿ. ಚಂದ್ರನ 200 ಚಿಲ್ಲರೆ ಕೆಲ್ವಿನ್ ತಾಪ ಅಷ್ಟಗಲಕ್ಕೆ ಹರಡಿದರೆ ನಿಮ್ಮ ಪಾಲಿಗೆ ಉಳಿಯುವುದೂ ಹೆಚ್ಚುಕಮ್ಮಿ ಅಷ್ಟೇ.

ಹಿಂಬಾಲಿಸಬೇಡಿ. ಚಂದ್ರ ಬರುವ ದಾರಿಗೆ ಡಿಶ್ ಇಟ್ಟು ಸುಮ್ನೆ ಕಾಯಿರಿ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಅಲ್ವಾ? ಚಂದ್ರ ಹತ್ತು ಹದಿನೈದು ನಿಮಿಷದೊಳಗೆ ಬಂದು ಹೋಗಬೇಕು. ಗೇನ್ ಅಷ್ಟು ಬೇಗ ಏರಿ ಇಳಿಯುವುದಿಲ್ಲ.

ಇನ್ನೊಂದು ದಾರಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಡಿಕಿ 1946ರಲ್ಲಿ ಬರೆದದ್ದು: ರಿಸೀವರನ್ನು ಒಮ್ಮೆ ಆಂಟೆನಾಗೆ, ಒಮ್ಮೆ ತಾಪ ಗೊತ್ತಿರುವ ಲೋಡ್‌ಗೆ (ಹೋಲಿಕೆಗೆ ತನ್ನ ಶಾಖದ ಗದ್ದಲ ಕೊಡುವ ತುಂಡು) ಪಟಪಟನೆ ಬದಲಿಸುವುದು. ನಮ್ಮಂಥವರಿಗೆ ಸ್ವಿಚ್ ಕಷ್ಟ. ಐದು ನಿಮಿಷಕ್ಕೊಮ್ಮೆ ಮೈಕ್ರೋವೇವ್ ಹೀರುವ ಸ್ಪಂಜನ್ನು ಎಲ್‌ಎನ್‌ಬಿ ಬಾಯಿಗೆ ಹಿಡಿಯಿರಿ, ಅದರ ತಾಪ ಬರೆದಿಡಿ. ಆಕಾಶ, ಸ್ಪಂಜು ಎರಡರ ಅಳತೆಯಲ್ಲೂ ಗೇನ್ ಒಂದೇ, ಭಾಗಿಸಿದರೆ ಹಾರಿಹೋಗುತ್ತದೆ. ಎಲ್‌ಎನ್‌ಬಿ ಮೈಗೆ ಥರ್ಮೋಕೋಲ್ ಸುತ್ತಿ. ಬಾಯಿಗೆ ಅಡ್ಡ ಬಂದರೂ ಚಿಂತೆಯಿಲ್ಲ, ಒಣಗಿದ್ದರೆ ಮೈಕ್ರೋವೇವ್‌ಗೆ ಅದು ಇಲ್ಲದ ಹಾಗೆಯೇ. ಫಾಯಿಲ್ ಮಾತ್ರ ಬೇಡ.

ಪ್ರಶ್ನೆ ಕೇಳಿದವರು:
ಥರ್ಮೋಕೋಲ್ ಸುತ್ತಿ ಕಾದೆ. 0.2 ಡಿಬಿ ಉಬ್ಬು, ಅರ್ಧ ಎತ್ತರದಲ್ಲಿ ಒಂಬತ್ತು ನಿಮಿಷ ಅಗಲ! ಚಂದ್ರನೇ ತಾನೇ?

ಉತ್ತರ:
ಅಗಲವಂತೂ ಸರಿಯಾಗಿದೆ. ನಾಳೆ ಚಂದ್ರ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ, ಉಬ್ಬೂ ಅಷ್ಟೇ ತಡವಾಗಬೇಕು. ಡಿಶ್ ಮೇಲಕ್ಕೆ ನೋಡುವ ಕೋನವನ್ನು ಹೊಸದಾಗಿ ಹೊಂದಿಸಿಕೊಳ್ಳಿ. ಒಂದೇ ದಿನದಲ್ಲಿ ಅವನು ಮೇಲಕ್ಕೋ ಕೆಳಕ್ಕೋ ಕೆಲವು ಡಿಗ್ರಿ ಸರಿದಿರಬಹುದು.