ಶಾಟ್‌ಗನ್ ಸ್ಟಾಕ್‌ನ ಹಿಡಿ ನೇರದಿಂದ ಬಾಗಿದ್ದು ಏಕೆ?

ಪ್ರಶ್ನೆ (ಹೊಸ ಆಸಕ್ತ):
ಹಳೆಯ ಇಂಗ್ಲಿಷ್ ಜೋಡುನಳಿಗೆ ಬಂದೂಕುಗಳಲ್ಲಿ ಸ್ಟಾಕ್‌ನ (ಹೆಗಲಿಗೆ ಒತ್ತುವ ಹಿಂಬದಿಯ ಭಾಗದ) ಹಿಡಿ, ಅಂದರೆ ಟ್ರಿಗರ್‌ನ ಹಿಂಭಾಗ, ನೇರವಾಗಿರುತ್ತದೆ. ಇಂದಿನ ಟ್ರ್ಯಾಪ್ (ಯಂತ್ರ ಹಾರಿಸುವ ಮಣ್ಣಿನ ತಟ್ಟೆಗಳನ್ನು ಹೊಡೆಯುವ) ಸ್ಪರ್ಧೆಯ ಬಂದೂಕುಗಳಲ್ಲಿ ಅದೇ ಭಾಗ ಪಿಸ್ತೂಲಿನ ಹಿಡಿಯಂತೆ ಕಡಿದಾಗಿ ಕೆಳಕ್ಕೆ ಬಾಗಿದೆ. ಇದಕ್ಕೆ ಬಳಕೆಯ ಕಾರಣವಿದೆಯೇ, ಅಥವಾ ಇದು ಕೇವಲ ಕಾಲಕಾಲದ ಅಭಿರುಚಿಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಜೋಡುನಳಿಗೆ):
ಮುಖ್ಯ ಕಾರಣ ಟ್ರಿಗರ್‌ಗಳು. ಆ ಹಳೆಯ ಬಂದೂಕುಗಳಲ್ಲಿ ಸಾಮಾನ್ಯವಾಗಿ ಎರಡು ಟ್ರಿಗರ್‌ಗಳಿದ್ದು, ಮುಂದಿನ ಟ್ರಿಗರ್ ಬಲ ನಳಿಗೆಯನ್ನೂ ಹಿಂದಿನದು ಎಡ ನಳಿಗೆಯನ್ನೂ ಹಾರಿಸುತ್ತದೆ; ಮೊದಲ ಗುಂಡಿನ ನಂತರ ಕೈ ತುಸು ಹಿಂದಕ್ಕೆ ಜಾರಬೇಕಾಗುತ್ತದೆ, ಅದಕ್ಕೆ ನೇರ ಹಿಡಿ ಅಡ್ಡಿಯಾಗುವುದಿಲ್ಲ. ಜೊತೆಗೆ ಅದು ಹಿಂದಿನ ಕೈಯ ಮೊಣಕೈಯನ್ನು ಮೇಲೆತ್ತಿಸುವುದರಿಂದ ಎರಡೂ ಕೈಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು, ಬಂದೂಕನ್ನು ತಿರುಗಿಸುವ ಹೊಣೆ ಮುಂದಿನ ಕೈಗೆ ಸೇರುತ್ತದೆ. ಥಟ್ಟನೆ ಮೇಲೆದ್ದ ಹಕ್ಕಿಯನ್ನು ಹಿಂಬಾಲಿಸುವವರಿಗೆ ಬೇಕಾದದ್ದು ಅದೇ. ಟ್ರಿಗರ್ ಒಂದೇ ಆದ ಮೇಲೆ ಕೈ ಜಾರುವ ಅಗತ್ಯವೇ ಉಳಿಯಲಿಲ್ಲ.

ಉತ್ತರ 2 (ಮಣ್ಣಿನ ತಟ್ಟೆ):
ಮೇಲಿನ ವಿವರಣೆ ಸರಿ, ಆದರೆ ಅರ್ಧದಷ್ಟು ಮಾತ್ರ. ಎರಡು ಟ್ರಿಗರ್‌ಗಳಿದ್ದೂ ಬಾಗಿದ ಹಿಡಿ ಹೊಂದಿದ ಬಂದೂಕುಗಳು ಜರ್ಮನಿಯಲ್ಲಿ ಬೇಕಾದಷ್ಟು ತಯಾರಾಗಿವೆ. 1931ರಲ್ಲಿ ಬಂದ, ಒಂದರ ಮೇಲೊಂದು ನಳಿಗೆಯಿರುವ ಬ್ರೌನಿಂಗ್ ಸೂಪರ್‌ಪೋಸ್ಡ್ ಕೂಡ ಮೊದಲು ಎರಡು ಟ್ರಿಗರ್‌ಗಳೊಂದಿಗೇ ಮಾರಾಟವಾಯಿತು. ನನ್ನ ಅಭಿಪ್ರಾಯದಲ್ಲಿ ಹಿಡಿಯನ್ನು ಇಷ್ಟು ಕಡಿದಾಗಿಸಿದ್ದು ಸ್ಪರ್ಧೆ. ಟ್ರ್ಯಾಪ್‌ನಲ್ಲಿ ಶೂಟರ್ ಬಂದೂಕನ್ನು ಮೊದಲೇ ಹೆಗಲಿಗೆ ಒತ್ತಿ, ನಂತರ ತಟ್ಟೆ ಹಾರಿಸಲು ಕೂಗಿ ಹೇಳುತ್ತಾನೆ. ಒಲಿಂಪಿಕ್ ಅರ್ಹತಾ ಸುತ್ತಿನಲ್ಲಿ 125 ತಟ್ಟೆಗಳಿರುವುದರಿಂದ, ಸ್ಟಾಕನ್ನು ಹೆಗಲಿಗೆ ಎಳೆದು ಹಿಡಿದು, ಒದೆತವನ್ನು ಪ್ರತಿ ಸಲವೂ ಒಂದೇ ರೀತಿ ತಾಳಿಕೊಳ್ಳಲು ಬಾಗಿದ ಹಿಡಿ ಸಹಾಯಕ. ತಟ್ಟೆ ಹೊಡೆಯುವ ಇನ್ನೊಂದು ಸ್ಪರ್ಧೆಯಾದ ಅಂತರರಾಷ್ಟ್ರೀಯ ಸ್ಕೀಟ್‌ನ ನಿಯಮ ಬೇರೆ: ತಟ್ಟೆ ಕಾಣುವವರೆಗೂ ಸ್ಟಾಕ್ ಸೊಂಟದ ಬಳಿಯೇ ಇರಬೇಕು. ಆದ್ದರಿಂದ ಅಲ್ಲಿ ಮಣಿಕಟ್ಟು ಸಲೀಸಾಗಿ ತಿರುಗುವಂಥ, ಅಷ್ಟು ಬಿಗಿಯಲ್ಲದ ಬಾಗು ಹಿತವೆನಿಸುತ್ತದೆ.

ಉತ್ತರ 3 (ಮರಗೆಲಸದವ):
ಮರದ ಕಡೆಯಿಂದಲೂ ಒಂದು ಮಾತು ಹೇಳಬೇಕು. ಹಿಡಿಯ ಭಾಗವೇ ಸ್ಟಾಕ್‌ನಲ್ಲಿ ಅತ್ಯಂತ ತೆಳುವಾದ, ಒಡೆಯುವ ಭಯವಿರುವ ಜಾಗ. ವಾಲ್‌ನಟ್ ಮರದ ಎಳೆಗಳು ಅದರ ಉದ್ದಕ್ಕೂ ಹರಿಯುವಂತೆ ತುಂಡನ್ನು ಆರಿಸುವುದು ನೇರ ಹಿಡಿಗೆ ಸುಲಭ. ಹಿಡಿ ಕಡಿದಾದಷ್ಟೂ ಎಳೆ ಅಡ್ಡಲಾಗಿ ತುಂಡಾಗುವ ಅಪಾಯ ಹೆಚ್ಚುತ್ತದೆ. ಪ್ಲಾಸ್ಟಿಕ್ ಸ್ಟಾಕ್‌ಗಳಿಗೆ ಈ ಕಟ್ಟುಪಾಡಿಲ್ಲವಾದ್ದರಿಂದಲೇ ಪೂರ್ತಿ ಪ್ರತ್ಯೇಕವಾಗಿ ಕೆಳಗಿಳಿದ ಪಿಸ್ತೂಲು ಹಿಡಿಗಳನ್ನು ಪಂಪ್ ಬಂದೂಕುಗಳಿಗೆ (ಮುಂಭಾಗದ ಹಿಡಿಯನ್ನು ಹಿಂದೆಮುಂದೆ ಎಳೆದು ಗುಂಡು ತುಂಬುವಂಥವು) ಜೋಡಿಸಲು ಸಾಧ್ಯವಾಯಿತು. ಆದರೆ ಸ್ಟಾಕನ್ನೇ ತೆಗೆದು ಅಂಥ ಹಿಡಿಯನ್ನಷ್ಟೇ ಉಳಿಸುವ ಶೋಕಿ ನನಗೆ ಒಪ್ಪಿಗೆಯಿಲ್ಲ: ಶಾಟ್‌ಗನ್ನಿನಲ್ಲಿ ಸಾಮಾನ್ಯವಾಗಿ ಹಿಂದಿನ ಗುರಿಸಾಧನ ಇರುವುದಿಲ್ಲ, ಕೆನ್ನೆ ಸ್ಟಾಕ್‌ಗೆ ತಾಗಿದಾಗ ಕಣ್ಣೇ ಆ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ‘ಪ್ರಿನ್ಸ್ ಆಫ್ ವೇಲ್ಸ್’ ಎಂಬ ಹಿಡಿಯ ಸ್ಥಾನವೇನು?

ಉತ್ತರ 1 (ಜೋಡುನಳಿಗೆ):
ಅದು ತುದಿ ದುಂಡಾದ, ಕಡಿಮೆ ಬಾಗಿನ ಹಿಡಿ. ಕೈ ಸ್ವಲ್ಪ ಜಾರಲು ಎಡೆಯಿರುವುದರಿಂದ ಎರಡು ಟ್ರಿಗರ್‌ಗಳಿಗೂ ಒಗ್ಗುತ್ತದೆ, ಒಂಟಿ ಟ್ರಿಗರ್‌ಗೂ ಆಗುತ್ತದೆ. ಆಯ್ಕೆ ಮಾಡುವಾಗ ಹೆಸರಿಗಿಂತ ಹಿಡಿಯಿಂದ ಟ್ರಿಗರ್‌ಗಿರುವ ದೂರವನ್ನು ಗಮನಿಸಿ. ಬೆರಳು ಚಿಕ್ಕದಾಗಿದ್ದರೆ ಕಡಿದಾದ ಹಿಡಿಯೂ ಕೈಗೆ ಹತ್ತುವುದಿಲ್ಲ. ಟ್ರಿಗರನ್ನು ಹಿಂದೆಮುಂದೆ ಸರಿಸಬಹುದಾದ ಸ್ಪರ್ಧಾ ಬಂದೂಕುಗಳು ಇರುವುದು ಇದೇ ಕಾರಣಕ್ಕೆ.